ಸೂಲಗಿತ್ತಿಯ ಗವಿಯಲ್ಲಿ ನೂರಾರು ಹಣತೆ: ಗೋರಿಗಳು ಚರ್ಚುಗಳಾದ ಕತೆ

ಹೋದ ತಿಂಗಳು ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಅವತ್ತು ಹೊತ್ತು ಸಾಲದೆ ಬಿಟ್ಟ ಒಂದೆರಡು ಸಂಗತಿ ಸೇರಿಸಿದ್ದೇನೆ, ಕೊನೆಗೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಂದು ಹಣತೆಯಿಂದ ಶುರು ಮಾಡುತ್ತೇನೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಮಣ್ಣಿನದು. ನಮ್ಮ ದೀಪಾವಳಿಯ ಹಣತೆಯ ಹಾಗೆ ಬಾಯಿ ಬಿಟ್ಟುಕೊಂಡದ್ದಲ್ಲ, ಮೇಲೆ ಮುಚ್ಚಿರುತ್ತದೆ. ನಡುವೆ ಎಣ್ಣೆ ಸುರಿಯಲು ಒಂದು ತೂತು, ಮೂತಿಯ ಹತ್ತಿರ ಬತ್ತಿಗೆ ಇನ್ನೊಂದು ಸಣ್ಣ ತೂತು. ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ಅಚ್ಚಿನಲ್ಲಿ ಒತ್ತಿ, ಹಸಿ ಇರುವಾಗಲೇ ಸೇರಿಸಿ ಸುಡುತ್ತಿದ್ದರು. ಇಂಥ ದೀಪಗಳು, ಒಡೆದವು ಮತ್ತು ಇಡೀ ಇದ್ದವು ಎರಡೂ ಸೇರಿ ನೂರಾರು, ಒಂದೇ ಅಂಗಳದಲ್ಲಿ ಸಿಕ್ಕವು. ಯಾವ ಅಂಗಳ ಅಂದರೆ, ಒಂದು ಗೋರಿಯ ಅಂಗಳ.

ಜೆರುಸಲೇಮಿನ ನೈರುತ್ಯಕ್ಕೆ ಇಳಿದುಹೋದರೆ ಲಾಖೀಷ್ ಅನ್ನುವ ಸೀಮೆ ಬರುತ್ತದೆ. ಮೆತ್ತನೆಯ ಸುಣ್ಣಕಲ್ಲಿನ ಗುಡ್ಡಗಳು. ಕಬ್ಬಿಣದ ಹಾರೆ ಇದ್ದರೆ ಸಾಕು, ಗವಿ ಕೊರೆಯಬಹುದು. ಅಲ್ಲಿ ಹೊರ್ವತ್ ಕಸ್ರಾ ಅನ್ನುವ ಜಾಗದಲ್ಲಿ 1980ರ ದಶಕದ ಆರಂಭದಲ್ಲಿ ನಿಧಿ ಕಳ್ಳರು ಒಂದು ಗವಿಯೊಳಗೆ ನುಗ್ಗಿದರು. ಹೀಗೆ ಬಹಳಷ್ಟು ಹಳೆಯ ಗೋರಿಗಳು ಮೊದಲು ಸಿಗುವುದೇ ಕಳ್ಳರಿಗೆ, ಆಮೇಲೆ ಪುರಾತತ್ವದವರಿಗೆ. 1984ರಲ್ಲಿ ಅಮೋಸ್ ಕ್ಲೋನರ್ ಅನ್ನುವ ಪುರಾತತ್ವಜ್ಞರು ಒಳಗೆ ಅಗೆದು ನೋಡಿದರು. ಅಲ್ಲಿ ಸಿಕ್ಕಿದ್ದು ಎರಡು ಕಾಲ. ಒಂದರ ಮೇಲೆ ಒಂದು ಅಲ್ಲ, ಒಂದರ ಒಳಗೆ ಇನ್ನೊಂದು.

ಮೊದಲ ಕಾಲ, ಸುಮಾರು 2000 ವರ್ಷದ ಹಿಂದಿನದು. ಜೆರುಸಲೇಮಿನಲ್ಲಿ ಯೆಹೂದಿಗಳ ಎರಡನೆಯ ದೇವಾಲಯ ಇನ್ನೂ ನಿಂತಿದ್ದ ಕಾಲ. ಒಂದು ಸ್ಥಿತಿವಂತ ಯೆಹೂದಿ ಮನೆತನದ ಗೋರಿ ಇದು. ಒಳಗೆ ಹಲವು ಕೋಣೆ, ಕೋಣೆಯ ಗೋಡೆಗಳಲ್ಲಿ ಒಳಕ್ಕೆ ಕೊರೆದ ಉದ್ದನೆಯ ಗೂಡುಗಳು. ಒಬ್ಬ ಮನುಷ್ಯನನ್ನು ಮಲಗಿಸಿ ಒಳಕ್ಕೆ ತಳ್ಳುವಷ್ಟು ಅಗಲ, ಅಷ್ಟೇ.

ಅವರ ಪದ್ಧತಿ ಸ್ವಲ್ಪ ವಿವರವಾಗಿ ಹೇಳಬೇಕು. ಸತ್ತವರನ್ನು ಆ ಗೂಡಿನಲ್ಲಿ ಇಡುತ್ತಿದ್ದರು. ಸುಮಾರು ಒಂದು ವರ್ಷ ಬಿಟ್ಟು ಮನೆಯವರೇ ಮತ್ತೆ ಬರುತ್ತಿದ್ದರು. ಅಷ್ಟರಲ್ಲಿ ಮೂಳೆ ಮಾತ್ರ ಉಳಿದಿರುತ್ತಿತ್ತು. ಆ ಮೂಳೆಗಳನ್ನು ಆರಿಸಿ ಸುಣ್ಣಕಲ್ಲಿನ ಪೆಟ್ಟಿಗೆಯಲ್ಲಿ ತುಂಬಿಡುತ್ತಿದ್ದರು. ಪೆಟ್ಟಿಗೆ ಎಷ್ಟು ಉದ್ದ ಇರಬೇಕು ಅನ್ನುವುದನ್ನು ತೊಡೆಯ ಮೂಳೆ ತೀರ್ಮಾನ ಮಾಡುತ್ತಿತ್ತು, ಏಕೆಂದರೆ ಮೈಯಲ್ಲಿ ಎಲ್ಲಕ್ಕಿಂತ ಉದ್ದದ ಮೂಳೆ ಅದು. ಪೆಟ್ಟಿಗೆಯ ಮೇಲೆ ಕೆಲವೊಮ್ಮೆ ಹೆಸರು ಕೆತ್ತುತ್ತಿದ್ದರು. ತಿದ್ದಿ ತೀಡಿದ ಅಕ್ಷರವಲ್ಲ, ಮೊಳೆಯಲ್ಲಿ ಗೀಚಿದ ಹಾಗೆ. ಮಗನೋ ಮಗಳೋ ಕೆತ್ತಿದ್ದಿರಬಹುದು. ನಮ್ಮಲ್ಲಿ ಮೂರನೆಯ ದಿನ ಅಸ್ಥಿ ಆರಿಸುವ ಕೆಲಸ ಮಾಡಿದವರಿಗೆ ಆ ಮಗ ಅಥವಾ ಮಗಳ ಕೈ ಹೇಗೆ ನಡುಗಿರಬೇಕು ಅಂತ ನಾನು ಹೇಳಬೇಕಾಗಿಲ್ಲ.

ಎರಡನೆಯ ಕಾಲ, ಇದಾಗಿ ಕೆಲವು ನೂರು ವರ್ಷದ ನಂತರದ್ದು. ಅದೇ ಗವಿ ಕ್ರೈಸ್ತರ ಪ್ರಾರ್ಥನೆಯ ಜಾಗವಾಗಿದೆ. ಗೋಡೆಯ ಮೇಲೆ ಶಿಲುಬೆಗಳು. ಹತ್ತಾರು ಬರಹಗಳು, ಗ್ರೀಕ್‌ನಲ್ಲಿ, ಸಿರಿಯಾಕ್‌ನಲ್ಲಿ, ಅರಬ್ಬಿಯಲ್ಲಿ. ಒಂದರಲ್ಲಿ ಕೆರೆಲಿಸನ ಮಗ ಜಕರಿಯ ಅನ್ನುವವನ ಹೆಸರಿದೆ. ಆ ಬರಹಗಳಲ್ಲಿ ಬರುವ ಇನ್ನೊಂದು ಹೆಸರು ಸಲೋಮೆ. ಪವಿತ್ರಳಾದ ಸಲೋಮೆ.

ಯಾರು ಈಕೆ? ಸೂಲಗಿತ್ತಿ.

ಬೈಬಲಿನಲ್ಲಿ ಈ ಕತೆ ಇಲ್ಲ. ಬೈಬಲಿನ ಹೊರಗೆ ಉಳಿದ, 2ನೇ ಶತಮಾನದ ಒಂದು ಬರಹದಲ್ಲಿ ಇದೆ. ಯೇಸುವಿನ ತಾಯಿ ಮರಿಯಳು ಒಂದು ಗವಿಯಲ್ಲಿ ಹೆತ್ತಾಗ ಸಲೋಮೆ ಅಲ್ಲಿಗೆ ಬರುತ್ತಾಳೆ. ಕನ್ಯೆ ಹೆತ್ತಳು ಅಂದರೆ ಅವಳು ನಂಬುವುದಿಲ್ಲ. ಕೈಯಿಟ್ಟು ನೋಡಿದ ಹೊರತು ಒಪ್ಪಲ್ಲ ಅನ್ನುತ್ತಾಳೆ. ನೋಡಿದ ಕೂಡಲೇ ಅವಳ ಕೈ ಬತ್ತಿಹೋಗುತ್ತದೆ. ಅಳುತ್ತಾಳೆ, ಬೇಡಿಕೊಳ್ಳುತ್ತಾಳೆ. ಮಗುವನ್ನು ಎತ್ತಿಕೋ ಅಂತ ದೇವದೂತ ಹೇಳುತ್ತಾನೆ. ಎತ್ತಿಕೊಂಡದ್ದೇ ಕೈ ಮೊದಲಿನಂತಾಗುತ್ತದೆ. ಹಳೆಯ ಬರಹದಲ್ಲಿ ಸೂಲಗಿತ್ತಿ ಬೇರೆ, ಸಲೋಮೆ ಬೇರೆ. ಆದರೆ ಜನರ ಬಾಯಲ್ಲಿ ಹರಿಯುತ್ತಾ ಹರಿಯುತ್ತಾ ಇಬ್ಬರೂ ಒಬ್ಬಳೇ ಆದರು.

ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ ಪದ್ಮಶ್ರೀ ಪಡೆದ ನಾಡು ನಮ್ಮದು. ಒಬ್ಬ ಸೂಲಗಿತ್ತಿಯ ಹೆಸರಲ್ಲಿ ಜನ ದೂರದೂರದಿಂದ ನಡೆದು ಬಂದರು ಅಂದರೆ ನಮಗೆ ಸೋಜಿಗ ಆಗಬೇಕಾಗಿಲ್ಲ.

ಈಗ ಮುಖ್ಯ ಪ್ರಶ್ನೆ. ಯೆಹೂದಿ ಮನೆತನವೊಂದರ ಗೋರಿಗೂ ಈ ಸಲೋಮೆಗೂ ಎಲ್ಲಿಯ ಸಂಬಂಧ? ಅಗೆದವರ ಊಹೆ ಹೀಗಿದೆ, ನನಗಂತೂ ಸರಿ ಅನ್ನಿಸುತ್ತದೆ. ಆ ಕಾಲದ ಯೆಹೂದಿ ಹೆಂಗಸರಲ್ಲಿ ಸಲೋಮೆ ಅನ್ನುವುದು ಬಹಳ ಸಾಮಾನ್ಯ ಹೆಸರು. ನಮ್ಮಲ್ಲಿ ಲಕ್ಷ್ಮಿ, ಗೌರಿ ಇದ್ದ ಹಾಗೆ. ಗವಿಯೊಳಗಿನ ಮೂಳೆ ಪೆಟ್ಟಿಗೆಯೊಂದರ ಮೇಲೆ ಆ ಹೆಸರು ಇದ್ದಿರಬೇಕು. ನೂರಾರು ವರ್ಷ ಕಳೆದು ಯಾರೋ ಕ್ರೈಸ್ತರು ಗವಿಯೊಳಗೆ ಬಂದರು, ಹೆಸರು ಓದಿದರು, ಇವಳೇ ಅವಳು ಅಂದುಕೊಂಡರು. ಅಷ್ಟೇ. ಮಗಳೋ ಸೊಸೆಯೋ ತಾಯಿಗಾಗಿ ಗೀಚಿದ ಒಂದು ಹೆಸರಿನಿಂದ ಒಂದು ಯಾತ್ರಾಸ್ಥಳ ಹುಟ್ಟಿತು.

ಇದನ್ನು ತಪ್ಪು ಅಂತ ಕರೆದು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆ ಗವಿಯಲ್ಲಿ ಮಲಗಿದ್ದ ಸಲೋಮೆ ಯಾರೇ ಇರಲಿ, ಅವಳ ಹೆಸರು ಹಿಡಿದು ನಾಲ್ಕಾರು ನೂರು ವರ್ಷ ಜನ ಎಣ್ಣೆ ಸುರಿದು ದೀಪ ಹಚ್ಚಿದರು. ಅದು ನಿಜವಾಗಿ ನಡೆದದ್ದು, ಅದೂ ಇತಿಹಾಸವೇ.

2022ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನ ಮುಂಚೆ, ಇಸ್ರೇಲಿನ ಪುರಾತತ್ವ ಇಲಾಖೆ ಆ ಗವಿಯ ಅಂಗಳವನ್ನು ಅಗೆದ ಸುದ್ದಿ ಕೊಟ್ಟಿತು. ಅಂಗಳವೇ ಸುಮಾರು 350 ಚದರ ಮೀಟರ್. ಅಂದರೆ ನಮ್ಮ ಕಡೆಯ ಮೂವತ್ತು ನಲವತ್ತರ ಸೈಟು ಮೂರು ಸೇರಿಸಿದರೂ ಇದಕ್ಕೆ ಸ್ವಲ್ಪ ಕಮ್ಮಿ. ನೆಲಕ್ಕೆ ಚಪ್ಪಡಿ, ಕೆಲವು ಕಡೆ ಸಣ್ಣ ಕಲ್ಲಿನ ಮೊಸಾಯಿಕ್. ಕಲ್ಲಿನಲ್ಲಿ ಹೂವು, ದಾಳಿಂಬೆ, ಎಲೆ ಬಳ್ಳಿಯ ಕೆತ್ತನೆ. ಗೋರಿಯ ಮುಂದೆ ಇಷ್ಟು ದೊಡ್ಡ ಅಂಗಳ ಇರುವುದು ಬಹಳ ಅಪರೂಪ, ಹಾಗಾಗಿ ಆ ಮನೆತನ ಸಾಮಾನ್ಯದ್ದಲ್ಲ ಅಂತ ಗೊತ್ತಾಗುತ್ತದೆ.

ಆ ಅಂಗಳದಲ್ಲೇ ಒಂದು ಸಾಲು ಅಂಗಡಿಗಳ ಗುರುತು ಸಿಕ್ಕಿತು, ದೀಪಗಳು ಸಿಕ್ಕಿದ್ದೂ ಅಲ್ಲಿಯೇ. ದೀಪಗಳನ್ನು ಮಾರುತ್ತಿದ್ದರು ಅಥವಾ ಬಾಡಿಗೆಗೆ ಕೊಡುತ್ತಿದ್ದರು ಅಂತ ಅಗೆದವರು ಹೇಳುತ್ತಾರೆ. ಯೋಚನೆ ಮಾಡಿ. ಒಳಗೆ ಗವಿ ಕತ್ತಲು. ಬಂದ ಭಕ್ತರು ಇಲ್ಲಿ ದುಡ್ಡು ಕೊಟ್ಟು ದೀಪ ತಗೊಂಡು, ಹಚ್ಚಿಕೊಂಡು, ತಲೆ ಬಗ್ಗಿಸಿ ಒಳಗೆ ಹೋಗಬೇಕು. ದೀಪ ದಾರಿಗೂ ಆಯಿತು, ಹರಕೆಗೂ ಆಯಿತು. ನಮ್ಮ ಯಾವ ದೇವಸ್ಥಾನದ ಮುಂದೆ ನಿಂತರೂ ಹಣ್ಣುಕಾಯಿ ಅಂಗಡಿ, ಎಳ್ಳೆಣ್ಣೆ ದೀಪದ ಅಂಗಡಿ ಕಾಣುತ್ತದೆ ಅಲ್ವಾ, ಅದೇ ದೃಶ್ಯ.

ಆ ದೀಪಗಳ ಕಾಲ ಇನ್ನೊಂದು ವಿಷಯ ಹೇಳುತ್ತದೆ. ಅವು 8 ಮತ್ತು 9ನೇ ಶತಮಾನದವು. ಜೆರುಸಲೇಮ್ ಮುಸ್ಲಿಂ ಆಳ್ವಿಕೆಗೆ ಹೋಗಿದ್ದು 7ನೇ ಶತಮಾನದ 30ರ ದಶಕದಲ್ಲಿ. ಅಂದರೆ ರಾಜ್ಯ ಕೈಬದಲಾಗಿ ನೂರು ಇನ್ನೂರು ವರ್ಷವಾದರೂ ಕ್ರೈಸ್ತ ಯಾತ್ರಿಕರು ಬರುತ್ತಲೇ ಇದ್ದರು. ಅಂಗಡಿಯವರು ದೀಪ ಮಾರುತ್ತಲೇ ಇದ್ದರು. ಗೋಡೆಯ ಮೇಲೆ ಅರಬ್ಬಿಯಲ್ಲಿ ಬರಹ ಇದೆ ಅಂದೆನಲ್ಲ, ಆ ಹೊತ್ತಿಗೆ ಅಲ್ಲಿನ ಕ್ರೈಸ್ತರ ಮಾತೂ ಅರಬ್ಬಿಯೇ ಆಗತೊಡಗಿತ್ತು. ರಾಜವಂಶಗಳ ಇತಿಹಾಸ ಓದಿದರೆ ಒಂದು ಯುಗ ಮುಗಿಯಿತು, ಇನ್ನೊಂದು ಶುರುವಾಯಿತು ಅಂತ ಗೆರೆ ಎಳೆದ ಹಾಗೆ ಕಾಣುತ್ತದೆ. ಮಣ್ಣಿನ ದೀಪ ನೋಡಿದರೆ ಆ ಗೆರೆ ಕಾಣುವುದೇ ಇಲ್ಲ.

ಇಲ್ಲಿ ಸಾವಿನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಯೆಹೂದಿ ಧರ್ಮದಲ್ಲಿ ಗೋರಿ ಮೈಲಿಗೆ. ಪೂಜಾರಿ ಮನೆತನದವರಂತೂ ಹತ್ತಿರ ಹೋಗಬಾರದು. ರೋಮಿನವರಲ್ಲೂ ಸತ್ತವರಿಗೆ ಊರ ಹೊರಗೇ ಜಾಗ. ಕ್ರೈಸ್ತರು ಇದನ್ನು ಉಲ್ಟಾ ಮಾಡಿದರು. ಧರ್ಮಕ್ಕಾಗಿ ಸತ್ತವರ ಗೋರಿಯ ಹತ್ತಿರವೇ ಕೂತು ಪ್ರಾರ್ಥನೆ ಮಾಡಿದರು, ಅದರ ಮೇಲೆಯೇ ಚರ್ಚು ಕಟ್ಟಿದರು. 4ನೇ ಶತಮಾನದಲ್ಲಿ ಜೂಲಿಯನ್ ಅನ್ನುವ ರೋಮ್ ಸಾಮ್ರಾಟ, ಹಳೆಯ ದೇವತೆಗಳ ಭಕ್ತ, ಇವರು ಲೋಕವನ್ನೆಲ್ಲ ಗೋರಿಗಳಿಂದ ತುಂಬಿಸುತ್ತಿದ್ದಾರೆ ಅಂತ ಸಿಟ್ಟು ಮಾಡಿಕೊಂಡಿದ್ದ. ನಮಗೆ ಈ ಎರಡೂ ಮನಸ್ಸು ಗೊತ್ತು. ಸ್ಮಶಾನಕ್ಕೆ ಹೋಗಿ ಬಂದರೆ ಸ್ನಾನ ಮಾಡದೆ ಒಳಗೆ ಬರುವುದಿಲ್ಲ. ಹಾಗೆಯೇ ಮಠದಲ್ಲಿ ಗದ್ದುಗೆಗೆ ಕೈಮುಗಿಯುತ್ತೇವೆ, ಬೃಂದಾವನಕ್ಕೆ ಪ್ರದಕ್ಷಿಣೆ ಹಾಕುತ್ತೇವೆ, ದರ್ಗಾಕ್ಕೆ ಸಕ್ಕರೆ ಓದಿಸುತ್ತೇವೆ.

ಆದರೆ ಎಲ್ಲ ಗೋರಿಯೂ ಭಕ್ತಿಯಿಂದಲೇ ಚರ್ಚಾಗಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡು ಕಲಿತದ್ದು ಪೆಟ್ರಾದಲ್ಲಿ.

ಕೊಲ್ಲಿಯಲ್ಲಿ ಕೆಲಸದಲ್ಲಿದ್ದಾಗ ಒಂದು ಈದ್ ರಜೆಯಲ್ಲಿ ಜೋರ್ಡನ್‌ಗೆ ಹೋಗಿದ್ದೆ. ಪೆಟ್ರಾ ಅಲ್ಲಿನ ಬೆಟ್ಟಗಳಲ್ಲಿ ಕೊರೆದ ಹಳೆಯ ಊರು. ಪೆಟ್ರಾ ಅಂದರೆ ಎಲ್ಲರಿಗೂ ಗೊತ್ತಿರುವುದು ಆ ಇರುಕು ಕಣಿವೆ, ಕಣಿವೆ ಮುಗಿದ ಕೂಡಲೇ ಎದುರಾಗುವ, ಬಂಡೆಯಲ್ಲಿ ಕೊರೆದ ಖಜ್ನೆ. ಜನ ಅಲ್ಲಿ ಫೋಟೋ ತೆಗೆದುಕೊಂಡು ಅರ್ಧಕ್ಕರ್ಧ ವಾಪಸ್ ಹೋಗುತ್ತಾರೆ. ಇನ್ನೂ ಮುಂದೆ ನಡೆದರೆ ಬಲಗಡೆ ಅಲ್ ಖುಬ್ಥಾ ಅನ್ನುವ ದೊಡ್ಡ ಬೆಟ್ಟದ ಮೈಯಲ್ಲಿ ಸಾಲಾಗಿ ಗೋರಿಗಳಿವೆ. ರಾಜರ ಗೋರಿಗಳು ಅಂತಾರೆ. ಅದರಲ್ಲಿ ಮೊದಲನೆಯದರ ತುದಿಯಲ್ಲಿ ಕಲ್ಲಿನ ಕಲಶ ಒಂದಿದೆ, ಹಾಗಾಗಿ ಅದು ಕಲಶದ ಗೋರಿ.

ಇದನ್ನು ಕೊರೆದವರು ನಬಾತಿಯನ್ನರು. ಒಂಟೆ ಮೇಲೆ ಸುಗಂಧದ ಸರಕು ಸಾಗಿಸಿ ಸಿರಿವಂತರಾದ ಅರಬರು. ಕಾಲ ಹೆಚ್ಚುಕಮ್ಮಿ ಕ್ರಿ.ಶ. 1ನೇ ಶತಮಾನ. ಅವರು ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತಿದ್ದರು. ಪೆಟ್ರಾದಲ್ಲಿ ಅರ್ಧಕ್ಕೆ ಬಿಟ್ಟ ಗೋರಿಯೊಂದಿದೆ, ಅದರಲ್ಲಿ ಮೇಲಿನ ಭಾಗ ಪೂರ್ತಿಯಾಗಿದೆ, ಕೆಳಗೆ ಬರೀ ಬಂಡೆ. ಎಲ್ಲೋರಾದ ಕೈಲಾಸ ನೋಡಿದವರಿಗೆ ಈ ರೀತಿ ಹೊಸದಲ್ಲ. ಕಲಶದ ಗೋರಿಯ ಮುಖ ಸುಮಾರು 26 ಮೀಟರ್ ಎತ್ತರ. ಅದರ ಮುಂದೆ ಒಂದು ಅಂಗಳ, ಎರಡೂ ಬದಿಯಲ್ಲಿ ಬಂಡೆಯಲ್ಲೇ ಬಿಡಿಸಿದ ಕಂಬಸಾಲು. ಆಮೇಲೆ ಅಂಗಳ ಸಾಲದೆ ಕೆಳಗೆ ಎರಡು ಅಂತಸ್ತು ಕಮಾನು ಕಟ್ಟಿ ಅಂಗಳವನ್ನೇ ಮುಂದಕ್ಕೆ ಚಾಚಿದ್ದಾರೆ.

ಅಲ್ಲಿನ ಬೆದೂಯಿನ್ ಜನ ಇದನ್ನು ಅಲ್ ಮಹ್ಕಮಾ ಅನ್ನುತ್ತಾರೆ. ಅಂದರೆ ಕೋರ್ಟು. ಕೆಳಗಿನ ಕಮಾನುಗಳಿಗೆ ಜೈಲು ಅಂತ ಹೆಸರು. ಮೇಲೆ ಕೋರ್ಟು, ಕೆಳಗೆ ಜೈಲು, ಸರಿಯಾಗಿಯೇ ಇದೆ! ಗಂಗಾವತಿ ಹತ್ತಿರ ಹಿರೇಬೆಣಕಲ್‌ನಲ್ಲಿ ನಮ್ಮ ಜನ ಬೃಹತ್ ಶಿಲಾಯುಗದ ಕಲ್ಲು ಗೋರಿಗಳಿರುವ ಬೆಟ್ಟವನ್ನು ಮೊರೇರ ಗುಡ್ಡ ಅಂತ ಕರೆಯುತ್ತಾರೆ, ಮೊರೇರು ಅನ್ನುವ ಕುಳ್ಳ ಜನ ಅಲ್ಲಿ ವಾಸವಿದ್ದರು ಅನ್ನುವ ಕತೆ ಹೇಳುತ್ತಾರೆ. ಯಾರು ಕಟ್ಟಿದರು ಅಂತ ಮರೆತುಹೋದ ಮೇಲೆ ಕಟ್ಟಡವನ್ನು ನೋಡಿ, ಇದು ಇದೇ ಇರಬೇಕು ಅಂತ ಜನ ಹೆಸರಿಡುತ್ತಾರೆ.

ಮೆಟ್ಟಿಲು ಹತ್ತಿ ಒಳಗೆ ಹೋದೆ. ಒಂದೇ ಒಂದು ದೊಡ್ಡ ಕೋಣೆ. ಒಂದು ಕಡೆ ಸುಮಾರು 19 ಮೀಟರ್, ಇನ್ನೊಂದು ಕಡೆ 17. ನಡುವೆ ಒಂದೂ ಕಂಬ ಇಲ್ಲ. ಚಾವಣಿ ಚಪ್ಪಟೆ, ಕಲ್ಲಿನಲ್ಲಿ ಸಹಜವಾಗಿಯೇ ಕೆಂಪು, ಹಳದಿ, ನೇರಳೆ, ಬಿಳಿ ಪಟ್ಟೆಗಳು, ಯಾರೋ ಇಳಕಲ್ ಸೀರೆ ಬಿಚ್ಚಿ ಹರಡಿದ ಹಾಗೆ. ಗೋಡೆ ತುಂಬಾ ಉಳಿಯ ಓರೆ ಗೆರೆಗಳು. ಕೈ ಇಟ್ಟರೆ ಒಂದೊಂದು ಏಟೂ ಬೆರಳಿಗೆ ಸಿಗುತ್ತದೆ. ಒಳಗೆ ತಂಪು. ಹೊರಗಿನ ಗಲಾಟೆ ಒಂದು ಕ್ಷಣಕ್ಕೆ ನಿಂತುಹೋಗುತ್ತದೆ.

ಹಿಂದಿನ ಗೋಡೆಯ ಎಡಗಡೆ ಕೆಂಪು ಬಣ್ಣದ ಅಕ್ಷರಗಳಿವೆ. ಗ್ರೀಕ್. ಕೆತ್ತಿದ್ದಲ್ಲ, ಬಣ್ಣದಲ್ಲಿ ಬರೆದದ್ದು. ಜೇಸನ್ ಅನ್ನುವ ಬಿಷಪ್ ಇದ್ದ ಕಾಲದಲ್ಲಿ ಈ ಜಾಗವನ್ನು ಕ್ರಿಸ್ತನಿಗೆ ಅರ್ಪಿಸಲಾಯಿತು ಅನ್ನುವುದು ಅದರ ಸಾರ. ಇಸವಿಯೂ ಇದೆ, ನಮ್ಮ ಲೆಕ್ಕದಲ್ಲಿ 446 ಅಥವಾ 447.

ಆ ಅಕ್ಷರಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಗೋರಿ ಯಾರದು ಅಂತ ಇವತ್ತಿಗೂ ಖಚಿತವಿಲ್ಲ. ರಾಜ ಎರಡನೆಯ ಮಾಲಿಕಸ್‌ನದು ಅಂತ ಕೆಲವರು, ನಾಲ್ಕನೆಯ ಅರೆಟಾಸ್‌ನದು ಅಂತ ಇನ್ನು ಕೆಲವರು. 26 ಮೀಟರ್ ಎತ್ತರ ಕೊರೆಸಿದವನ ಹೆಸರು ಹೋಯಿತು, ಗೋಡೆಯ ಮೂಲೆಯಲ್ಲಿ ಒಂದು ಕುಂಚದಷ್ಟು ಬಣ್ಣದಲ್ಲಿ ಬರೆಸಿದವನ ಹೆಸರು ಉಳಿಯಿತು. ಅದೂ ಇಸವಿ ಸಮೇತ. ಪುರಾತನ ಗೋರಿ ಚರ್ಚಾದ ಬೇರೆ ಎಷ್ಟೋ ಕಡೆಗಳಲ್ಲಿ ಕಾಲವನ್ನು ಊಹೆ ಮಾಡಬೇಕು, ಇಲ್ಲಿ ಗೋಡೆಯೇ ಹೇಳುತ್ತದೆ.

ಇಲ್ಲಿ ಯಾವ ಸಂತರ ನೆನಪೂ ಇರಲಿಲ್ಲ. ಹಾಗಾದರೆ ಏಕೆ ಇದೇ ಗೋರಿ? 363ರ ಮೇ ತಿಂಗಳಲ್ಲಿ ಆ ಸೀಮೆಯಲ್ಲಿ ದೊಡ್ಡ ಭೂಕಂಪ ಆಗಿತ್ತು. ಪೆಟ್ರಾದಲ್ಲಿ ಕಟ್ಟಿದ ಕಟ್ಟಡಗಳು ಎಷ್ಟೋ ಬಿದ್ದವು. ಕೊರೆದ ಕಟ್ಟಡ ಬೀಳುವುದು ಅಷ್ಟು ಸುಲಭವಲ್ಲ. ಕಂಬವಿಲ್ಲದ ಇಷ್ಟು ದೊಡ್ಡ ಕೋಣೆ, ಮುಂದೆ ಜನ ಸೇರಲು ಅಂಗಳ, ಊರಿಗೆಲ್ಲ ಕಾಣುವ ಜಾಗ. ನನಗೆ ಅಲ್ಲಿ ನಿಂತಾಗ ಹೊಳೆದ ಇನ್ನೊಂದು ಅನುಕೂಲ ಇದೆ. ಗೋರಿಯ ಬಾಗಿಲು ಪಶ್ಚಿಮಕ್ಕೆ. ಅಂದರೆ ಒಳಗೆ ಬಂದವರ ಮುಖ ತಾನಾಗಿಯೇ ಪೂರ್ವಕ್ಕೆ. ಆ ಕಾಲದ ಕ್ರೈಸ್ತರು ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರು, ಬಲಿಪೀಠವೂ ಪೂರ್ವದ ತುದಿಯಲ್ಲೇ. ನಬಾತಿಯನ್ನರು ಯಾವ ಕಾರಣಕ್ಕೆ ಆ ದಿಕ್ಕು ಆರಿಸಿದರೋ, ಬೆಟ್ಟ ಇದ್ದದ್ದೇ ಹಾಗೆ ಅನ್ನಿ, ಚರ್ಚಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು.

ಮಾಡಿದ ಬದಲಾವಣೆಯೂ ಜಾಸ್ತಿಯಲ್ಲ. ಹಿಂದಿನ ಗೋಡೆಯಲ್ಲಿ ಹಳೆಯ ಗೂಡುಗಳಿದ್ದವು. ಅವನ್ನೇ ಅಗಲ ಮಾಡಿ ಅರೆವೃತ್ತದ ಗೂಡುಗಳನ್ನಾಗಿ ತಿದ್ದಿದರು. ಬಲಿಪೀಠದ ಮುಂದೆ ಅಡ್ಡಗಟ್ಟೆ ನಿಲ್ಲಿಸಲು ನೆಲದಲ್ಲಿ ತೂತು ಕೊರೆದರು. ಆ ತೂತುಗಳು ಇವತ್ತಿಗೂ ಇವೆ. ಹೊರಗೆ ಗೋರಿಯ ಮುಖದ ಮೇಲೆ, ಎತ್ತರದಲ್ಲಿ, ಕಂಬಗಳ ನಡುವೆ ಮೂರು ಸಣ್ಣ ಕಿಂಡಿಗಳಿವೆ, ಅವು ಶವ ಇಡುವ ಗೂಡುಗಳು. ನಡುವಿನದನ್ನು ಮುಚ್ಚಿದ ಕಲ್ಲು ಇನ್ನೂ ಇದೆ, ಅದರ ಮೇಲೆ ಸವೆದುಹೋದ ಮನುಷ್ಯನ ಎದೆಮಟ್ಟದ ಶಿಲ್ಪ. ಚರ್ಚು ಮಾಡಿದವರು ಅದನ್ನು ಕಿತ್ತುಹಾಕಲಿಲ್ಲ. ಒಳಗೆ ಭಾನುವಾರದ ಪೂಜೆ ನಡೆಯುತ್ತಿದ್ದಾಗ ಬಾಗಿಲ ಮೇಲೆ ಹಳೆಯ ಯಜಮಾನ ಕೂತೇ ಇದ್ದ.

ಪೆಟ್ರಾದ ಕ್ರೈಸ್ತರ ಬಗ್ಗೆ ನಮಗೆ ಇಷ್ಟು ಗೊತ್ತಾಗಲು ಇನ್ನೊಂದು ಕಾರಣ ಇದೆ. 1993ರಲ್ಲಿ ಅದೇ ಊರಿನ ಇನ್ನೊಂದು ಚರ್ಚಿನ, ಅದು ಕಟ್ಟಿದ ಚರ್ಚು, ಪಕ್ಕದ ಕೋಣೆಯಲ್ಲಿ ಸುಮಾರು 140 ಪಪೈರಸ್ ಸುರುಳಿಗಳು, ಅಂದರೆ ಹಳೆಯ ಕಾಲದ ಕಾಗದದ ಸುರುಳಿಗಳು, ಸಿಕ್ಕವು. ಬೆಂಕಿಯಲ್ಲಿ ಇದ್ದಿಲಾಗಿದ್ದವು. ಇದ್ದಿಲಾದದ್ದರಿಂದಲೇ ಕೊಳೆಯದೆ ಉಳಿದವು. ಪದರ ಪದರ ಬಿಡಿಸಿ ಓದಿದರೆ 6ನೇ ಶತಮಾನದ ಆಸ್ತಿ ಪತ್ರ, ತೆರಿಗೆ, ಮದುವೆ, ಅಣ್ಣತಮ್ಮಂದಿರ ಪಾಲು ಪಟ್ಟಿ. ತೆಯೊಡೊರಸ್ ಅನ್ನುವ ಚರ್ಚಿನ ಅಧಿಕಾರಿಯ ಮನೆತನದ್ದು. ಅವನ ಅಪ್ಪನ ಹೆಸರು ಒಬೊಡಿಯಾನಸ್. ಒಬೊಡಸ್ ಅನ್ನುವುದು ಹಳೆಯ ನಬಾತಿಯನ್ ರಾಜರ ಹೆಸರು. ಧರ್ಮ ಬದಲಾಯಿತು, ಭಾಷೆ ಗ್ರೀಕ್ ಆಯಿತು, ಆದರೂ ಅಜ್ಜಂದಿರ ಹೆಸರು ಮನೆಯಲ್ಲೇ ಓಡಾಡಿಕೊಂಡಿತ್ತು. ಗೋರಿಯನ್ನು ಚರ್ಚು ಮಾಡಿದವರು ಎಲ್ಲಿಂದಲೋ ಬಂದ ಜನ ಅಲ್ಲ. ಬಹುಪಾಲು ಅದನ್ನು ಕೊರೆದವರ ಮೊಮ್ಮಕ್ಕಳ ಮೊಮ್ಮಕ್ಕಳೇ.

ಇದನ್ನೆಲ್ಲ ನಾನು ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಎರಡನೆಯ ಪದರವನ್ನು ಕಸ ಅಂತ ನೋಡಿದ ಕಾಲ ಒಂದಿತ್ತು. ಅದರ ನಷ್ಟ ಎಲ್ಲಕ್ಕಿಂತ ಹೆಚ್ಚು ಆದದ್ದು ಈಜಿಪ್ಟಿನಲ್ಲಿ.

ಲಕ್ಸರ್ ಹತ್ತಿರ ಹತ್ಶೆಪ್ಸುತ್ ರಾಣಿಯ ದೇವಾಲಯ ಇದೆಯಲ್ಲ, ಆ ಜಾಗದ ಹೆಸರು ದೇರ್ ಎಲ್ ಬಹ್ರಿ. ಅಂದರೆ ಉತ್ತರದ ಮಠ. ಏಕೆಂದರೆ ಆ ದೇವಾಲಯದ ಮೇಲೆ ಕೋಪ್ಟಿಕ್, ಅಂದರೆ ಈಜಿಪ್ಟಿನದೇ ಆದ, ಕ್ರೈಸ್ತರ ಒಂದು ಮಠ ಇತ್ತು, ಇಟ್ಟಿಗೆಯ ಗೋಪುರ ಸಮೇತ. 19ನೇ ಶತಮಾನದಲ್ಲಿ ಅಗೆದವರಿಗೆ ಬೇಕಾಗಿದ್ದದ್ದು ರಾಣಿಯ ಕಾಲ ಮಾತ್ರ. ಮಠವನ್ನು ಬಿಡಿಸಿ ತೆಗೆದುಹಾಕಿದರು. ಸರಿಯಾಗಿ ನಕ್ಷೆ ಕೂಡ ಮಾಡಲಿಲ್ಲ. ಈಗ ಹೆಸರಿನಲ್ಲಿ ಮಠ ಇದೆ, ನೆಲದ ಮೇಲೆ ಇಲ್ಲ. ನನಗೆ ಇದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಗೋರಿಗಳದ್ದೂ ಇದೇ ಪಾಡು. ಆದರೂ ಕೆಲವು ಉಳಿದವು. ಅಮರ್ನಾದಲ್ಲಿ, ಒಬ್ಬನೇ ದೇವರು ಸೂರ್ಯ ಅಂತ ಹೇಳಿದ ಅಖೆನಾತೆನ್ ರಾಜನ ಊರಿನಲ್ಲಿ, ಪನೆಹೆಸಿ ಅನ್ನುವ ಅಧಿಕಾರಿಯ ಗೋರಿ ಇದೆ. ಸೂರ್ಯ ದೇವಾಲಯದ ಮುಖ್ಯ ಸೇವಕ ಅವನು. ಗೋಡೆಯ ಮೇಲೆ ಸೂರ್ಯನ ಕಿರಣಗಳು, ಒಂದೊಂದು ಕಿರಣದ ತುದಿಯಲ್ಲೂ ಪುಟ್ಟ ಕೈ. ಸುಮಾರು 2000 ವರ್ಷದ ಮೇಲೆ ಆ ಬೆಟ್ಟದ ಇಳಿಜಾರಿನಲ್ಲಿ ಕೋಪ್ಟಿಕ್ ಜನ ಕಲ್ಲಿನ ಗುಡಿಸಲು ಹಾಕಿಕೊಂಡು ನೆಲೆಸಿದರು. ಸುತ್ತಲಿನ ಗೋರಿಗಳನ್ನೂ ಮನೆ ಮಾಡಿಕೊಂಡರು. ಪನೆಹೆಸಿಯ ಗೋರಿ ಅವರ ಚರ್ಚಾಯಿತು. ಅರೆವೃತ್ತದ ಗೂಡು ಕೊರೆದರು, ಗೋಡೆಗೆ ಗಾರೆ ಬಳಿದು ಮೇಲೆ ಚಿತ್ರ ಬರೆದರು. 20ನೇ ಶತಮಾನದ ಆರಂಭದಲ್ಲಿ ನಾರ್ಮನ್ ಡೇವಿಸ್ ಅನ್ನುವವರು ಅಮರ್ನಾದ ಗೋರಿಗಳನ್ನೆಲ್ಲ ಗೆರೆ ಗೆರೆಯಾಗಿ ನಕಲು ಮಾಡಿಕೊಂಡರು. ಅವರ ಗಮನ ಅಖೆನಾತೆನ್ ಕಾಲದ ಮೇಲೆ. ಚರ್ಚನ್ನು ಚರ್ಚಾಗಿ ನೋಡಿ ವಿವರವಾಗಿ ಓದುವ ಕೆಲಸ ನಡೆದದ್ದು ಈ ಶತಮಾನದಲ್ಲಿ, ಗಿಲಿಯನ್ ಪೈಕ್ ಅನ್ನುವವರು ಕೈಗೆತ್ತಿಕೊಂಡ ಮೇಲೆ. ನೂರು ವರ್ಷ ಕಾಯಬೇಕಾಯಿತು.

ಲಕ್ಸರ್ ಕಡೆಯ ಇನ್ನೊಂದು ಗೋರಿಯಲ್ಲಿ, ಅದು ಚರ್ಚಲ್ಲ, ಫ್ರಾಂಗೆ ಅನ್ನುವ ಸನ್ಯಾಸಿ 8ನೇ ಶತಮಾನದಲ್ಲಿ ಒಂಟಿಯಾಗಿ ಬದುಕಿದ್ದ. ಗೋರಿ ಫರೋಗಳ, ಅಂದರೆ ಹಳೆಯ ಈಜಿಪ್ಟಿನ ರಾಜರ, ಕಾಲದ ಒಬ್ಬ ಮಂತ್ರಿಯದು. ಫ್ರಾಂಗೆ ಅಲ್ಲಿ ಕೂತು ಮಗ್ಗದಲ್ಲಿ ಬಟ್ಟೆ ನೇಯುತ್ತಿದ್ದ, ಪುಸ್ತಕ ಹೊಲಿಯುತ್ತಿದ್ದ, ಮಡಕೆಯ ಚೂರಿನ ಮೇಲೆ ಊರವರಿಗೆಲ್ಲ ಕಾಗದ ಬರೆಯುತ್ತಿದ್ದ. ಅಂಥ ನೂರಾರು ಚೂರುಗಳನ್ನು ಬೆಲ್ಜಿಯಂನ ತಂಡವೊಂದು ಜೋಪಾನವಾಗಿ ಆರಿಸಿತು. ನೂರು ವರ್ಷದ ಹಿಂದೆ ಅಗೆದಿದ್ದರೆ ಆ ಚೂರುಗಳೂ ಮಣ್ಣಿನ ಜೊತೆ ಆಚೆ ಹೋಗುತ್ತಿದ್ದವೋ ಏನೋ. ಒಬ್ಬ ಮನುಷ್ಯನ ಇಡೀ ದಿನಚರಿ ಅದು.

ಹಳೆಯ ಗೋರಿಯನ್ನು ಮೂಲ ಸ್ಥಿತಿಗೆ ತರಬೇಕು ಅಂತ ಹೊರಡುವವರನ್ನು ನಾನು ಒಂದೇ ಕೇಳುವುದು. ಯಾವ ಮೂಲ? ಕಲಶದ ಗೋರಿಯ ಗೂಡುಗಳನ್ನು ಮತ್ತೆ ಮುಚ್ಚಿ ಬಿಷಪ್ ಜೇಸನ್ನನ ಅಕ್ಷರ ಅಳಿಸಿದರೆ ಸಿಗುವುದು ನಬಾತಿಯನ್ ಗೋರಿಯಲ್ಲ, ನಾವು ಈಗ ಕಟ್ಟಿದ ಹೊಸ ಗೋರಿ. ಜೊತೆಗೆ ಇನ್ನೊಂದು ಮಾತು. ಯಾರೋ ಒಳಗೆ ಇದ್ದು ಬಳಸುತ್ತಿದ್ದರಿಂದಲೇ ಈ ಗೋರಿಗಳು ಎಷ್ಟೋ ಶತಮಾನ ಉಳಿದಿವೆ. ಬಳಸುವವರು ಬಿದ್ದ ಕಲ್ಲನ್ನು ಎತ್ತಿಡುತ್ತಾರೆ, ನೀರು ಬಂದರೆ ಕಾಲುವೆ ತೋಡುತ್ತಾರೆ. ಕೀಲಿ ಹಾಕಿದ ಮನೆ ಎಷ್ಟು ಬೇಗ ಹಾಳಾಗುತ್ತದೆ ಅಂತ ಊರಲ್ಲಿ ಹಳೆಯ ಮನೆ ಇರುವವರಿಗೆಲ್ಲ ಗೊತ್ತು.

ಪ್ರಶ್ನೆಗಳಿಗೆ ಬರುತ್ತೇನೆ.

ಹಿರಿಯರೊಬ್ಬರು ಕೇಳಿದರು: ಸತ್ತವರ ಮನೆಯನ್ನು ಹೀಗೆ ತೆಗೆದುಕೊಂಡದ್ದು ಅವರಿಗೆ ಮಾಡಿದ ಅವಮಾನ ಅಲ್ವಾ? ಕೆಲವು ಸಲ ಹೌದು ಸರ್. ಮೂಳೆ ಎಸೆದಿದ್ದಾರೆ, ಹಳೆಯ ದೇವರ ಮುಖ ಕೆತ್ತಿ ಹಾಕಿದ್ದಾರೆ. ಅದನ್ನು ಮುಚ್ಚಿಡಬಾರದು. ಆದರೆ ಸಲೋಮೆಯ ಗವಿಯಲ್ಲಿ ನಡೆದದ್ದು ಅವಮಾನ ಅಂತ ನನಗೆ ಅನ್ನಿಸುವುದಿಲ್ಲ. ಪೆಟ್ರಾದಲ್ಲಿ ನಡೆದದ್ದೂ ಅಷ್ಟೇ. ಒಂದೊಂದು ಗೋರಿಯನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಕೇಳಿದಳು: ನಮ್ಮ ಕಡೆ ಇಂಥದ್ದು ಇದೆಯಾ ಮೇಡಂ? ಗೋರಿ ಚರ್ಚಾದದ್ದಕ್ಕೆ ಉಪಖಂಡದಲ್ಲೇ ಒಂದು ಚೆನ್ನಾದ ಉದಾಹರಣೆ ಇದೆಯಮ್ಮ, ಲಾಹೋರಿನ ಅನಾರ್ಕಲಿ ಗೋರಿ. ಪುರಾತನ ಅಲ್ಲ, ಮೊಘಲರದು. 1851ರಲ್ಲಿ ಬ್ರಿಟಿಷರು ಅದನ್ನು ಚರ್ಚು ಮಾಡಿದರು. ಅಲ್ಲಾಹುವಿನ 99 ಹೆಸರು ಕೆತ್ತಿದ ಅಮೃತಶಿಲೆಯ ಸಮಾಧಿಕಲ್ಲನ್ನು ನಡುವಿನಿಂದ ತೆಗೆದು ಪಕ್ಕಕ್ಕಿಟ್ಟರು. 1891ರಲ್ಲಿ ಚರ್ಚು ಬೇರೆ ಕಡೆ ಹೋಯಿತು, ಕಟ್ಟಡ ಸರ್ಕಾರದ ದಾಖಲೆ ಕಚೇರಿಯಾಯಿತು. ಈಗಲೂ ಅಲ್ಲಿ ಹಳೆಯ ಕಡತಗಳಿವೆ. ನಮ್ಮ ವಿಜಯಪುರದಲ್ಲೂ ಬ್ರಿಟಿಷರು ಆದಿಲ್‌ಶಾಹಿ ಕಟ್ಟಡಗಳಲ್ಲಿ ಕಚೇರಿ, ಬಂಗಲೆ ಮಾಡಿಕೊಂಡಿದ್ದರು.

ಕೊನೆಯ ಪ್ರಶ್ನೆ ಪೆಟ್ರಾಗೆ ಹೊರಟಿದ್ದ ಒಂದು ಗಂಡ ಹೆಂಡತಿಯದು. ಏನು ನೋಡಬೇಕು ಅಂತ. ಬೆಳಿಗ್ಗೆ ಖಜ್ನೆ ನೋಡಿ. ಸಂಜೆ ನಾಲ್ಕರ ಮೇಲೆ ಕಲಶದ ಗೋರಿಗೆ ಹತ್ತಿ, ಬಾಗಿಲು ಪಶ್ಚಿಮಕ್ಕಿರುವುದರಿಂದ ಆ ಹೊತ್ತಿಗೆ ಬಿಸಿಲು ಬಾಗಿಲಿಂದ ನೇರ ಒಳಕ್ಕೆ ಬರುತ್ತದೆ. ನೆಲದ ತೂತುಗಳನ್ನು ಮೊದಲು ಹುಡುಕಿ, ಅಲ್ಲಿ ನಿಂತು ಎಡಗಡೆಯ ಮೂಲೆಗೆ ಹೋಗಿ. ಮೊದಲಿಗೆ ಏನೂ ಕಾಣುವುದಿಲ್ಲ, ಕಲ್ಲೂ ಕೆಂಪು, ಅಕ್ಷರವೂ ಕೆಂಪು. ಎರಡು ನಿಮಿಷ ಸುಮ್ನೆ ನಿಲ್ಲಿ. ಒಂದೊಂದೇ ಅಕ್ಷರ ಎದ್ದು ಬರುತ್ತದೆ.